ಊರಿನ ಓಟು



ಇವತ್ತು ನಿಮ್ಮೊಡನೆ ಊರಿನ ಓಟಿನ ಬಗ್ಗೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ಪಾರ್ಲಿಮೆಂಟಿನ ಓಟಲ್ಲ, ಅಸೆಂಬ್ಲಿಯ ಓಟೂ ಅಲ್ಲ. ಚರಂಡಿ, ಬೀದಿದೀಪ, ಕುಡಿಯುವ ನೀರಿನ ಟ್ಯಾಂಕು, ಇವನ್ನು ನೋಡಿಕೊಳ್ಳುವವರನ್ನು ಆರಿಸುವ ಓಟು. ನೀವು ಹೊಸೂರು, ದೆಂಕಣಿಕೋಟೆ, ತಾಳವಾಡಿ ಕಡೆಯವರಿರಬಹುದು, ನಮ್ಮ ಪಾಪಿರೆಡ್ಡಿಪಟ್ಟಿ, ಹರೂರು, ಬೊಮ್ಮಿಡಿ ಕಡೆಯವರಿರಬಹುದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಎನ್ನುವ ನಮ್ಮಂಥವರಿಗೆ ಈ ಓಟು ಇನ್ನೂ ಹತ್ತಿರದ್ದು. ದೆಹಲಿಗೆ ಹೋದವರು ನಮ್ಮನ್ನು ಮಾತನಾಡಿಸುವುದು ಐದು ವರ್ಷಕ್ಕೊಮ್ಮೆ. ವಾರ್ಡಿನ ಸದಸ್ಯ ದಿನಾ ಬೆಳಿಗ್ಗೆ ಟೀ ಅಂಗಡಿಯಲ್ಲಿ ಸಿಗುತ್ತಾನೆ, ಅವನನ್ನು ಕನ್ನಡದಲ್ಲೇ ಬೈಯಬಹುದು.

ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾದವನು, ಪಂಡಿತನಲ್ಲ. ಕೆಲಸದ ಕಾಲವೆಲ್ಲ ಲೆಕ್ಕ ಮತ್ತು ರುಜು ನೋಡುವುದರಲ್ಲೇ ಕಳೆಯಿತು. ನಿವೃತ್ತನಾದ ಮೇಲೆ ಚರಿತ್ರೆ ಓದುವ ಹವ್ಯಾಸ ಹತ್ತಿತು, ಆದರೆ ಕಣ್ಣು ಮಾತ್ರ ಹಳೆಯದೇ. ರಾಜರ ಯುದ್ಧಕ್ಕಿಂತ ಯಾರ ಹತ್ತಿರ ರಸೀತಿ ಇತ್ತು, ಯಾರ ಹತ್ತಿರ ಇರಲಿಲ್ಲ ಎಂಬುದೇ ನನಗೆ ಮೊದಲು ಕಾಣುತ್ತದೆ.

ನಮ್ಮ ಸೀಮೆಯ ಊರಾಡಳಿತದ ಕಥೆಗೆ ಅಮೆರಿಕದ ನಂಟಿದೆ ಎಂದರೆ ನೀವು ನಗಬಹುದು. ನಂಟು ಇರುವುದು ಒಬ್ಬ ಮನುಷ್ಯನ ಮೂಲಕ. ಲಾರ್ಡ್ ಕಾರ್ನ್‌ವಾಲಿಸ್ 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್ನರ ಸೈನ್ಯದ ಎದುರು ಸೋತು ಶರಣಾದ. ಅಲ್ಲಿ ಮಾನ ಕಳೆದುಕೊಂಡವನು ಗವರ್ನರ್ ಜನರಲ್ ಆಗಿ ನಮ್ಮ ದೇಶಕ್ಕೆ ಬಂದ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನಿಂದ ಸೇಲಂ ಮತ್ತು ಬಾರಾಮಹಲನ್ನು ಕಂಪನಿಗೆ ಬರೆಸಿಕೊಂಡ. ಅಂದರೆ ನಾವು ಈಗ ಧರ್ಮಪುರಿ, ಕೃಷ್ಣಗಿರಿ ಎನ್ನುವ ಈ ನೆಲವನ್ನು. ಅದೇ 1792ರ ಕೊನೆಯಲ್ಲಿ ಅಮೆರಿಕದವರು ತಮ್ಮ ಅಧ್ಯಕ್ಷನನ್ನು ಎರಡನೆಯ ಸಲ ಆರಿಸುತ್ತಿದ್ದರು. ಅವನ ಕೈ ತಪ್ಪಿದ ಊರುಗಳು ಓಟು ಹಾಕುತ್ತಿದ್ದವು, ಅವನ ಕೈಗೆ ಸಿಕ್ಕಿದ ಊರುಗಳು ಕಂದಾಯ ಕಟ್ಟುತ್ತಿದ್ದವು.

ಕಂದಾಯ ಗೊತ್ತುಮಾಡಲು ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಬಂದ. ಅವನ ಕೈಕೆಳಗೆ ಥಾಮಸ್ ಮನ್ರೋ ಎಂಬ ತರುಣ. ಮನ್ರೋ ಧರ್ಮಪುರಿಯಲ್ಲೇ ಮನೆ ಮಾಡಿಕೊಂಡಿದ್ದ, ತೋಟ ಬೆಳೆಸಿದ್ದ. ಹೊಲಹೊಲವನ್ನೂ ಅಳೆದು, ರೈತನ ಹೆಸರಿಗೇ ಕಂದಾಯ ಕಟ್ಟುವ ರೈತವಾರಿ ಪದ್ಧತಿ ಮೊಳೆತದ್ದು ಇಲ್ಲಿ. ಮುಂದೆ ಅವನು ಮದರಾಸಿನ ಗವರ್ನರ್ ಆದ. ಅವನ ಕಾಲದಲ್ಲಿ ಓಟು ಎಂಬ ಮಾತೇ ಇರಲಿಲ್ಲ. ಆದರೆ ರೈತನ ಕೈಗೆ ಬಂದ ಆ ಕಂದಾಯದ ಕಾಗದವೇ ನೂರಿಪ್ಪತ್ತು ವರ್ಷದ ಮೇಲೆ ಓಟಿನ ಟಿಕೀಟಾಯಿತು. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಅಮೆರಿಕದ ಊರುಗಳಲ್ಲಿ ಆಗ ಓಟು ಹೇಗೆ ನಡೆಯುತ್ತಿತ್ತು ನೋಡೋಣ.

ಅಲ್ಲಿ ಜಿಲ್ಲೆಯ ಹಾಗಿರುವ ಘಟಕಕ್ಕೆ ಕೌಂಟಿ ಎನ್ನುತ್ತಾರೆ. ವರ್ಜೀನಿಯಾ ರಾಜ್ಯದ ಕೌಂಟಿಯಲ್ಲಿ ಜಮೀನುಳ್ಳ ಗಂಡಸಿಗೆ ಮಾತ್ರ ಓಟು. ಮನೆ ಸಮೇತ 25 ಎಕರೆಯಾದರೂ ಇರಬೇಕು. ಕೋರ್ಟು ಕಟ್ಟಡದ ಮುಂದೆ ಷೆರೀಫ್ ಮೇಜು ಹಾಕಿ ಕೂರುತ್ತಾನೆ, ಪಕ್ಕದಲ್ಲಿ ಅಭ್ಯರ್ಥಿಗಳು, ಬರೆಯಲು ಗುಮಾಸ್ತ. ಓಟುದಾರ ಬಂದು ಎಲ್ಲರ ಎದುರಿಗೆ ಗಟ್ಟಿಯಾಗಿ ಇಂಥವರಿಗೆ ನನ್ನ ಓಟು ಎಂದು ಕೂಗಿ ಹೇಳಬೇಕು. ಹೆಸರು ಹೇಳಿಸಿಕೊಂಡ ಅಭ್ಯರ್ಥಿ ಅಲ್ಲೇ ಎದ್ದು ಕೃತಜ್ಞತೆ ಹೇಳುತ್ತಾನೆ. ನೋಡಲು ಬಹಳ ಚೆನ್ನ, ಮದುವೆ ಮನೆಯಲ್ಲಿ ಮುಯ್ಯಿ ಬರೆಸಿದ ಹಾಗೆ.

ಆದರೆ ಬ್ಯಾಂಕಿನಲ್ಲಿ ಕೂತಿದ್ದವನಿಗೆ ಬೇರೆಯದೇ ಕಾಣುತ್ತದೆ. ಸಾಲ ತೀರಿಸದ ರೈತ ಮ್ಯಾನೇಜರರ ಕೋಣೆಗೆ ಹೋಗುವಾಗ ಹೆಗಲ ಮೇಲಿನ ಟವಲ್ಲು ಕಂಕುಳಿಗೆ ಬರುತ್ತದೆ, ದನಿ ಗಂಟಲಲ್ಲೇ ನಿಲ್ಲುತ್ತದೆ. ಆ ಮನುಷ್ಯನಿಗೆ, ಸಾಲ ಕೊಟ್ಟವನೇ ಮೇಜಿನ ಆಚೆ ಅಭ್ಯರ್ಥಿಯಾಗಿ ಕೂತಿರುವಾಗ, ಬೇರೊಬ್ಬನ ಹೆಸರು ಕೂಗು ಎಂದರೆ ಬಾಯಿ ಬರುತ್ತದೆಯೇ? ವರ್ಜೀನಿಯಾದಲ್ಲಿ ಈ ಪದ್ಧತಿ 1867ರ ತನಕ ನಡೆಯಿತು. ಪಕ್ಕದ ಕೆಂಟಕಿಯಲ್ಲಿ 1891ರ ತನಕ. ನಾವು ಪರದೆಯ ಹಿಂದೆ ಮುದ್ರೆ ಒತ್ತಿ ಬರುವುದನ್ನು ಬಹಳ ಸಾಮಾನ್ಯ ಸಂಗತಿ ಎಂದುಕೊಂಡಿದ್ದೇವೆ. ಸಾಲ ಇರುವವನನ್ನು ಕೇಳಿ, ಆ ಪರದೆಯ ಬೆಲೆ ಹೇಳುತ್ತಾನೆ.

ಇನ್ನು ಕುಡಿತದ ವಿಷಯ. ಈಗಿನ ಕಾಲ ಕೆಟ್ಟಿತು, ಕ್ವಾರ್ಟರು, ಬಿರಿಯಾನಿ ಇಲ್ಲದೆ ಓಟಿಲ್ಲ ಎಂದು ನಾವು ಗೊಣಗುತ್ತೇವೆ. ವಾಷಿಂಗ್ಟನ್ನರೇ 1758ರಲ್ಲಿ ಫ್ರೆಡರಿಕ್ ಕೌಂಟಿಯಿಂದ ನಿಂತಾಗ ಅವರ ಕಡೆಯವರು ಓಟುದಾರರಿಗೆ ನೂರಕ್ಕೂ ಹೆಚ್ಚು ಗ್ಯಾಲನ್ ರಮ್ಮು, ವೈನು, ಬಿಯರು ಹಂಚಿದ್ದರು. ಅಮೆರಿಕದ ಸಂವಿಧಾನಕ್ಕೆ ಪಿತಾಮಹ ಎನ್ನಿಸಿಕೊಂಡ ಜೇಮ್ಸ್ ಮ್ಯಾಡಿಸನ್ 1777ರಲ್ಲಿ ಆರೆಂಜ್ ಕೌಂಟಿಯಿಂದ ನಿಂತರು. ಹೊಸ ಸ್ವತಂತ್ರ ದೇಶದಲ್ಲಿ ಇದೆಲ್ಲ ಬೇಡ ಎಂದು ಕುಡಿಸಲು ನಿರಾಕರಿಸಿದರು. ಅವರನ್ನು ಸೋಲಿಸಿದವನು ಒಬ್ಬ ಹೆಂಡದಂಗಡಿಯ ಮಾಲೀಕ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ನ್ಯೂಜೆರ್ಸಿ ರಾಜ್ಯದ ಕಥೆ. 1776ರ ಅವರ ಸಂವಿಧಾನ, 50 ಪೌಂಡು ಆಸ್ತಿ ಇರುವ ನಿವಾಸಿಗಳಿಗೆಲ್ಲ ಓಟು ಎಂದಿತು. ಗಂಡಸು ಎಂದು ಬರೆಯಲೇ ಇಲ್ಲ. ಹಾಗಾಗಿ ಆಸ್ತಿ ಇದ್ದ ವಿಧವೆಯರು, ಮದುವೆಯಾಗದ ಹೆಂಗಸರು, ಸ್ವತಂತ್ರರಾದ ಕರಿಯರು ಎಲ್ಲ ಓಟು ಹಾಕಿದರು. ಮದುವೆಯಾದವಳ ಆಸ್ತಿ ಗಂಡನ ಲೆಕ್ಕಕ್ಕೆ ಹೋಗುತ್ತಿದ್ದರಿಂದ ಅವಳಿಗಿಲ್ಲ. ಹೀಗೆ ಮೂವತ್ತು ವರ್ಷ ನಡೆಯಿತು. 1807ರ ಫೆಬ್ರವರಿಯಲ್ಲಿ ಎಸೆಕ್ಸ್ ಕೌಂಟಿಯಲ್ಲಿ ಒಂದು ಸ್ಥಳೀಯ ಚುನಾವಣೆ ಬಂತು. ಪ್ರಶ್ನೆ ಇಷ್ಟೇ: ಹೊಸ ಕೋರ್ಟು ಕಟ್ಟಡ ನೆವಾರ್ಕಿನಲ್ಲಿ ಕಟ್ಟಬೇಕೋ, ಎಲಿಜಬೆತ್‌ಟೌನಿನ ಕಡೆ ಕಟ್ಟಬೇಕೋ? ತಾಲ್ಲೂಕು ಕಚೇರಿ ಯಾವ ಊರಿಗೆ, ಬಸ್ ಸ್ಟ್ಯಾಂಡು ಯಾವ ಊರಿಗೆ ಎಂದರೆ ನಮ್ಮಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ಅಲ್ಲೂ ಅದೇ. ಮೂರು ದಿನ ಓಟು ನಡೆಯಿತು. ಒಬ್ಬೊಬ್ಬ ಹಲವು ಸಲ ಹಾಕಿದ. ಹುಡುಗರು ಹಾಕಿದರು. ಗಂಡಸರು ಹೆಣ್ಣುವೇಷ ತೊಟ್ಟು ಮತ್ತೊಮ್ಮೆ ಬಂದು ಹಾಕಿದರು ಎಂಬ ದೂರೂ ಎದ್ದಿತು. ಇರುವ ಓಟುದಾರರಿಗಿಂತ ಬಿದ್ದ ಓಟೇ ಬಹಳ ಹೆಚ್ಚು. ನೆವಾರ್ಕ್ ಗೆದ್ದಿತು, ರಾಜ್ಯದ ಶಾಸನಸಭೆ ಆ ಚುನಾವಣೆಯನ್ನೇ ರದ್ದು ಮಾಡಿತು.

ಅಲ್ಲಿಗೆ ನಿಂತಿದ್ದರೆ ನ್ಯಾಯವಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಅದೇ ವರ್ಷ ನವೆಂಬರಿನಲ್ಲಿ ಚುನಾವಣೆ ಶುದ್ಧಿಮಾಡುತ್ತೇವೆಂದು ಒಂದು ಕಾನೂನು ತಂದು, ಇನ್ನು ಮೇಲೆ ತೆರಿಗೆ ಕಟ್ಟುವ ಬಿಳಿಯ ಗಂಡಸರಿಗೆ ಮಾತ್ರ ಓಟು ಎಂದುಬಿಟ್ಟರು. ಮೋಸ ಮಾಡಿದ ಗಂಡಸರ ಓಟು ಉಳಿಯಿತು, ಹೆಂಗಸರ ಓಟು ಹೋಯಿತು. ಆ ಹೆಂಗಸರ ಮೊಮ್ಮಕ್ಕಳ ಮಕ್ಕಳಿಗೆ ಅದು ಮತ್ತೆ ಸಿಕ್ಕಿದ್ದು 1920ರಲ್ಲಿ. ನೂರಹದಿಮೂರು ವರ್ಷ. ಒಮ್ಮೆ ಬಂದ ಓಟು ಬಂದೇ ಬಂತು ಎಂದು ನಂಬಿದ್ದವನು ನಾನು. ಇದನ್ನು ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು.

ಈಗ ನಮ್ಮ ಸೇಲಂ ಜಿಲ್ಲೆಗೆ ಬರೋಣ. 1965ರ ಅಕ್ಟೋಬರ್ 2ರ ತನಕ ಧರ್ಮಪುರಿ ಸೇಲಂ ಜಿಲ್ಲೆಯ ಭಾಗವೇ, ಪಾಪಿರೆಡ್ಡಿಪಟ್ಟಿ ಬಹುಕಾಲ ಹರೂರು ತಾಲ್ಲೂಕಿಗೆ ಸೇರಿತ್ತು. ಇಲ್ಲಿ ಮೊದಲು ಬಂದದ್ದು ಓಟಲ್ಲ, ತೆರಿಗೆ. 1871ರ ಮದರಾಸು ಲೋಕಲ್ ಫಂಡ್ ಕಾಯಿದೆಯಲ್ಲಿ ರಸ್ತೆ, ಶಾಲೆ, ಆಸ್ಪತ್ರೆಗಾಗಿ ಜಮೀನಿನ ಮೇಲೆ ಸೆಸ್ ಹಾಕಿದರು, ಜೊತೆಗೆ ರಸ್ತೆಯಲ್ಲಿ ಸುಂಕದ ಗೇಟು. ಖರ್ಚು ಮಾಡುವ ಮಂಡಳಿಗೆ ಕಲೆಕ್ಟರೇ ಅಧ್ಯಕ್ಷ. ಕೊಡುವವನು ರೈತ, ಎಣಿಸುವವನು ದೊರೆ. 1882ರ ಮೇ ತಿಂಗಳಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಂ ಆಡಳಿತದ ನಿರ್ಣಯ ಹೊರಡಿಸಿದ. ಅದರ ಫಲವಾಗಿ 1884ರಲ್ಲಿ ಮದರಾಸಿನಲ್ಲಿ ಲೋಕಲ್ ಬೋರ್ಡು ಕಾಯಿದೆ ಬಂತು: ಮೇಲೆ ಜಿಲ್ಲಾ ಬೋರ್ಡು, ನಡುವೆ ತಾಲ್ಲೂಕು ಬೋರ್ಡು, ಕೆಳಗೆ ನಾಲ್ಕಾರು ಹಳ್ಳಿ ಸೇರಿದ ಯೂನಿಯನ್. ಹೆಸರೆಲ್ಲ ಚೆನ್ನಾಗಿತ್ತು. ಸದಸ್ಯರು ಮಾತ್ರ ಬಹುಪಾಲು ಸರ್ಕಾರ ನೇಮಿಸಿದವರೇ.

ಪಟ್ಟಣದಲ್ಲಿ ಪರಿಸ್ಥಿತಿ ಸ್ವಲ್ಪ ಮೇಲು. ಹೊಸೂರಿನ ಹತ್ತಿರ ತೊರಪಳ್ಳಿಯ ಮುನ್ಸೀಫರ ಮಗ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, ನಮ್ಮ ನಿಮ್ಮ ಗಡಿನಾಡಿನವರೇ ಆದ ರಾಜಾಜಿ, 1917ರಲ್ಲಿ ಸೇಲಂ ಮುನಿಸಿಪಾಲಿಟಿಗೆ ಛೇರ್ಮನ್ ಆದರು. ಮುಂದೆ ದೇಶದ ಗವರ್ನರ್ ಜನರಲ್ ಆದವರು ಮೊದಲು ಕಲಿತದ್ದು ನಲ್ಲಿ, ಚರಂಡಿಗಳ ಆಡಳಿತ.

ಹಳ್ಳಿಗೆ ನಿಜವಾದ ಓಟು ಬರುವುದಕ್ಕೆ 1920ರ ಕಾಯಿದೆಗಳು ಬೇಕಾದವು. ಒಂದು ಲೋಕಲ್ ಬೋರ್ಡಿನದು, ಇನ್ನೊಂದು ಗ್ರಾಮ ಪಂಚಾಯಿತಿಯದು. ಆಗಲೂ ಬೋರ್ಡಿನ ಓಟು ಯಾರಿಗೆ? ಕಂದಾಯವನ್ನೋ ತೆರಿಗೆಯನ್ನೋ ಕಟ್ಟಿದವರಿಗೆ. ಮನ್ರೋ ಕಾಲದ ಆ ಕಾಗದ ಈಗ ಕೆಲಸಕ್ಕೆ ಬಂತು. ಅದೇ 1920ರಲ್ಲಿ ಮದರಾಸು ಶಾಸನಸಭೆಗೆ ನಡೆದ ಚುನಾವಣೆಯ ಲೆಕ್ಕ ನೋಡಿ, ಆ ಕಾಲದ ಅಳತೆ ಸಿಗುತ್ತದೆ: ಪ್ರಾಂತ್ಯದ ಜನ ಸುಮಾರು 4 ಕೋಟಿ, ಓಟುದಾರರು ಸುಮಾರು 12 ಲಕ್ಷ. ನೂರು ಮಂದಿಯ ಊರಿನಲ್ಲಿ ಮೂರು ಜನ. ಕೂಲಿಯವನು, ಗೇಣಿದಾರ, ಮನೆಯ ಹೆಂಗಸು ಯಾರೂ ಲೆಕ್ಕದಲ್ಲಿಲ್ಲ. ವರ್ಜೀನಿಯಾದ 25 ಎಕರೆಗೂ ನಮ್ಮ ರಸೀತಿಗೂ ಏನು ವ್ಯತ್ಯಾಸ? ಒಂದು ವಿಷಯದಲ್ಲಿ ಮಾತ್ರ ಮದರಾಸು ಮುಂದಿತ್ತು. 1921ರಲ್ಲಿ ಇಲ್ಲಿನ ಶಾಸನಸಭೆ, ಆಸ್ತಿ ತೆರಿಗೆಯ ಅರ್ಹತೆ ಇರುವ ಹೆಂಗಸರಿಗೂ ಓಟು ಇರಲಿ ಎಂದು ಬ್ರಿಟಿಷ್ ಪ್ರಾಂತ್ಯಗಳಲ್ಲೆಲ್ಲ ಮೊದಲು ಒಪ್ಪಿಕೊಂಡಿತು.

ಓದು ಬರದವರು ಚೀಟಿಯಲ್ಲಿ ಹೆಸರು ಹುಡುಕುವುದು ಹೇಗೆ? ಅದಕ್ಕೆ ಬಣ್ಣದ ಪೆಟ್ಟಿಗೆ ಬಂತು. ಕಾಂಗ್ರೆಸ್ಸಿನದು ಹಳದಿ. 1937ರ ಚುನಾವಣೆಯಲ್ಲಿ ಮದರಾಸು ಪ್ರಾಂತ್ಯದ ತುಂಬ ಹಳದಿ ಪೆಟ್ಟಿಗೆಯದೇ ಮಾತು. ಈಗ ಬಣ್ಣ ಪೆಟ್ಟಿಗೆಯಿಂದ ಚೀಟಿಗೆ ಬಂದಿದೆ. ನಮ್ಮ ಹಳ್ಳಿಯ ಓಟುದಾರನಿಗೆ ಪಂಚಾಯಿತಿ ಚುನಾವಣೆಯಲ್ಲಿ ನಾಲ್ಕು ಚೀಟಿ, ಅಧ್ಯಕ್ಷರಿಗೆ ಗುಲಾಬಿ, ಒಕ್ಕೂಟಕ್ಕೆ ಹಸಿರು, ಜಿಲ್ಲೆಗೆ ಹಳದಿ, ವಾರ್ಡಿಗೆ ಇನ್ನೊಂದು. ಪಾಪಿರೆಡ್ಡಿಪಟ್ಟಿಯಂಥ ಪಟ್ಟಣ ಪಂಚಾಯಿತಿಯವರಿಗೆ ಈ ಭಾಗ್ಯವಿಲ್ಲ, ಅವರು 2022ರ ಫೆಬ್ರವರಿಯಲ್ಲಿ ವಾರ್ಡಿನವರನ್ನು ಮಾತ್ರ ಆರಿಸಿದರು, ಅಧ್ಯಕ್ಷರನ್ನು ಆ ಸದಸ್ಯರು ಆರಿಸಿಕೊಂಡರು.

ಸ್ವಾತಂತ್ರ್ಯ ಬಂತು, ರಸೀತಿಯ ಹಂಗು ತಪ್ಪಿತು, ಎಲ್ಲರಿಗೂ ಓಟು ಬಂತು. 1958ರ ಕಾಯಿದೆಯಿಂದ ಪಂಚಾಯಿತಿ ಒಕ್ಕೂಟಗಳಾದವು, ಹಳೆಯ ಜಿಲ್ಲಾ ಬೋರ್ಡು ಮುಗಿಯಿತು. ಇಲ್ಲಿಂದ ಮುಂದೆ ಸುಖವಾಗಿ ಸಾಗಬೇಕಿತ್ತು ಅಲ್ಲವೇ? ಎಲ್ಲರಿಗೂ ಓಟಿತ್ತು, ಚುನಾವಣೆಯೇ ಇರಲಿಲ್ಲ. ತಮಿಳುನಾಡಿನಲ್ಲಿ 1970ರಲ್ಲಿ ಪಂಚಾಯಿತಿ ಚುನಾವಣೆ ನಡೆದ ಮೇಲೆ ಮುಂದಿನದು 1986ರಲ್ಲಿ. 1970ರಲ್ಲಿ ನಾನು ಗೋಲಿ ಆಡುವ ಹುಡುಗ. 1986ರಲ್ಲಿ ನನ್ನ ಮೊದಲ ಊರಿನ ಓಟು ಹಾಕುವಾಗ ನನಗೇ ಒಂದು ಮಗು. ಅಷ್ಟರಲ್ಲಿ ಎಂ.ಎಲ್.ಎ.ಗೆ ಎರಡು ಸಲ ಹಾಕಿದ್ದೆ, ನಮ್ಮ ಬೀದಿಯ ಬಾವಿಗೆ ಒಮ್ಮೆಯೂ ಇಲ್ಲ. ಅದರ ಅವಧಿ 1991ರಲ್ಲಿ ಮುಗಿಯಿತು, ಮತ್ತೆ ಐದು ವರ್ಷ ಅಧಿಕಾರಿಗಳ ಆಳ್ವಿಕೆ. ಈ ನಡುವೆ ಸಂವಿಧಾನಕ್ಕೆ 73ನೆಯ ತಿದ್ದುಪಡಿ ಆಗಿ 1993ರ ಏಪ್ರಿಲ್ 24ರಿಂದ ಜಾರಿಗೆ ಬಂತು. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಲೇಬೇಕು ಎಂದಿತು. 1994ರಲ್ಲಿ ತಮಿಳುನಾಡಿನ ಹೊಸ ಕಾಯಿದೆ, 1996ರ ಅಕ್ಟೋಬರಿನಲ್ಲಿ ಚುನಾವಣೆ. ಮೂರರಲ್ಲಿ ಒಂದು ಪಾಲು ಹೆಂಗಸರಿಗೆ, ಪರಿಶಿಷ್ಟರಿಗೆ ಜನಸಂಖ್ಯೆಯ ಪ್ರಮಾಣದಲ್ಲಿ ಸ್ಥಾನ. 2016ರಲ್ಲಿ ಹೆಂಗಸರ ಪಾಲು ಅರ್ಧಕ್ಕೇರಿತು.

ಕಾಗದದಲ್ಲಿ ಬಂದದ್ದು ಕೈಗೆ ಸಿಗಬೇಕಲ್ಲ. ಮದುರೆ ಜಿಲ್ಲೆಯಲ್ಲಿ ಪಾಪಾಪಟ್ಟಿ ಎಂದು ಒಂದು ಊರು. ನಮ್ಮ ಪಾಪಿರೆಡ್ಡಿಪಟ್ಟಿಯಲ್ಲ, ಹೆಸರು ಕೇಳಿ ಗಾಬರಿಯಾಗಬೇಡಿ. ಅಲ್ಲಿ, ಕೀರಿಪಟ್ಟಿಯಲ್ಲಿ, ನಾಟ್ಟಾರ್‌ಮಂಗಲದಲ್ಲಿ, ವಿರುದುನಗರ ಜಿಲ್ಲೆಯ ಕೊಟ್ಟಕಚ್ಚಿಯೇಂದಲಿನಲ್ಲಿ ಅಧ್ಯಕ್ಷ ಸ್ಥಾನ ಪರಿಶಿಷ್ಟರಿಗೆ ಮೀಸಲಾದ ಒಂದೇ ಕಾರಣಕ್ಕೆ ಹತ್ತು ವರ್ಷ ಚುನಾವಣೆ ನಡೆಯಗೊಡಲಿಲ್ಲ. ನಾಮಪತ್ರ ಹಾಕುವವರಿಲ್ಲ, ಹಾಕಿ ಗೆದ್ದವನು ಕೂಡಲೇ ರಾಜೀನಾಮೆ. 2006ರಲ್ಲಿ ಅಂತೂ ನಡೆಯಿತು. ಮದುರೆ ಜಿಲ್ಲೆಯದೇ ಮೇಲವಳವಿನಲ್ಲಿ ಗೆದ್ದು ಅಧಿಕಾರಕ್ಕೆ ಬಂದ ಅಧ್ಯಕ್ಷ ಮುರುಗೇಶನ್ ಅವರನ್ನು, ಜೊತೆಗೆ ಐವರನ್ನು, 1997ರ ಜೂನ್ 30ರಂದು ಕೊಂದುಹಾಕಿದರು. ಪಂಚಾಯಿತಿ ಅಧ್ಯಕ್ಷಗಿರಿಗೆ ತಲೆ ಕೊಡಬೇಕಾಯಿತು.

ತಲೆ ಕೊಡದೆಯೂ ಅಧಿಕಾರ ಕಸಿಯಬಹುದು, ಅದು ನನ್ನ ಕೌಂಟರಿನ ಮುಂದೆ ನಡೆಯುವುದನ್ನು ನೋಡಿದ್ದೇನೆ. ನಮ್ಮ ಕಾಯಿದೆಯ ಪ್ರಕಾರ ಪಂಚಾಯಿತಿಯ ಚೆಕ್ಕಿಗೆ ಅಧ್ಯಕ್ಷರ ರುಜು ಒಂದೇ ಸಾಲದು, ಉಪಾಧ್ಯಕ್ಷರದೂ ಬೇಕು. ಒಳ್ಳೆಯ ನಿಯಮವೇ. ಆದರೆ ಅಧ್ಯಕ್ಷೆ ಕೇರಿಯವಳು, ಉಪಾಧ್ಯಕ್ಷ ಊರ ದೊಡ್ಡ ಮನೆಯವನು ಎಂದಾದರೆ ಅವನು ಸುಮ್ಮನೆ ರುಜು ಹಾಕದೆ ಕೂತರೆ ಸಾಕು. ಬೋರಿನ ಮೋಟಾರು ಸುಟ್ಟಿದೆ, ಹಣ ಖಾತೆಯಲ್ಲಿದೆ, ಚೆಕ್ಕಿನಲ್ಲಿ ಒಂದೇ ರುಜು ಇದೆ. ಅಂಥ ಚೆಕ್ಕು ಹಿಡಿದು ಬಂದ ಅಧ್ಯಕ್ಷೆಗೆ ಇದು ಆಗುವುದಿಲ್ಲಮ್ಮ ಎಂದು ಹಿಂದಕ್ಕೆ ಕೊಡಬೇಕಾದವನು ಗುಮಾಸ್ತ. ಅವಳು ನನ್ನನ್ನು ಬೈಯಲಿಲ್ಲ, ಚೆಕ್ಕನ್ನು ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು. ಮೂರನೆಯ ವಾರಕ್ಕೆ ಎರಡು ರುಜುವಿನೊಂದಿಗೆ ಬಂದಳು. ಹೇಗೆ ಹಾಕಿಸಿದಳೆಂದು ನಾನು ಕೇಳಲಿಲ್ಲ. ಇನ್ನು ಕೆಲವು ಕಡೆ ಅಧ್ಯಕ್ಷೆಯ ಗಂಡನೇ ಬಂದು ಕೂತು, ರುಜು ಆಮೇಲೆ ತರುತ್ತೇನೆ ಎನ್ನುತ್ತಿದ್ದ. ಖಾತೆ ಯಾರ ಹೆಸರಿನಲ್ಲಿದೆಯೋ ಅವರೇ ಬರಲಿ ಎಂದು ನಾವು ಹೇಳಿ ಕಳಿಸುತ್ತಿದ್ದೆವು. ಹಾಗೆ ಬರುತ್ತ ಬರುತ್ತ ಎರಡು ವರ್ಷದಲ್ಲಿ ಗಂಡನಿಗಿಂತ ಚೆನ್ನಾಗಿ ಪಾಸ್ ಪುಸ್ತಕ ಓದಲು ಕಲಿತ ಹೆಂಗಸರನ್ನೂ ನೋಡಿದ್ದೇನೆ.

ಲೆಕ್ಕದ ಮಾತು ಬಂತು, ಒಂದು ಹಳೆಯ ವಿಷಯ ಹೇಳಲೇಬೇಕು. ಕಾಂಚೀಪುರದ ಕಡೆ ಉತ್ತರಮೇರೂರಿನಲ್ಲಿ ಪರಾಂತಕ ಚೋಳನ ಕಾಲದ, ಅಂದರೆ 919 ಮತ್ತು 921ರ ಶಾಸನಗಳಿವೆ. ಮೂವತ್ತು ಭಾಗದವರು ಹೆಸರು ಬರೆದ ಓಲೆಗಳನ್ನು ಕೊಡದಲ್ಲಿ ಹಾಕಿ ಚಿಕ್ಕ ಹುಡುಗನಿಂದ ಎತ್ತಿಸುತ್ತಿದ್ದರು, ಕುಡವೋಲೈ ಎಂದು ಹೆಸರು. ಪ್ರಜಾಪ್ರಭುತ್ವ ಆಗಲೇ ಇತ್ತು ಎಂದು ನಮ್ಮವರು ಎದೆ ತಟ್ಟಿಕೊಳ್ಳುತ್ತಾರೆ. ಅಷ್ಟು ಬೇಡ. ಅದು ಬ್ರಾಹ್ಮಣರ ಅಗ್ರಹಾರ, ಜಮೀನು ಇದ್ದ, ವೇದ ಓದಿದ ಗಂಡಸರಿಗೆ ಮಾತ್ರ. ಆದರೆ ಅದರಲ್ಲಿ ಒಂದು ನಿಯಮ ನನಗೆ ಬಹಳ ಹಿಡಿಸಿತು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಕೊಡಕ್ಕೆ ಬೀಳುವ ಹಾಗಿಲ್ಲ. ಅವನದಷ್ಟೇ ಅಲ್ಲ, ಅವನ ಹತ್ತಿರದ ನಂಟರದೂ ಇಲ್ಲ!

ಲೆಕ್ಕ ಕೇಳುವುದಕ್ಕೆ ಆರಿಸಿ ಬಂದವರು ಇರಬೇಕಲ್ಲ. 2016ರ ಅಕ್ಟೋಬರಿನಲ್ಲಿ ಅವಧಿ ಮುಗಿದಾಗ ಚುನಾವಣೆ ಕೋರ್ಟಿನಲ್ಲಿ ಸಿಕ್ಕಿಬಿತ್ತು. ಮೂರು ವರ್ಷ ವಿಶೇಷಾಧಿಕಾರಿಗಳು. ಆರಿಸಿ ಬಂದ ಮಂಡಳಿ ಇಲ್ಲ ಎಂದು ಕೇಂದ್ರದ ಅನುದಾನವೂ ನಿಂತುಹೋಗಿತ್ತು. 2019ರ ಡಿಸೆಂಬರ್ 27 ಮತ್ತು 30ರಂದು ಧರ್ಮಪುರಿಯೂ ಸೇರಿ 27 ಜಿಲ್ಲೆಗಳ ಹಳ್ಳಿಗಳಲ್ಲಿ ಓಟು ನಡೆಯಿತು. ಆ ಪಂಚಾಯಿತಿಗಳ ಅವಧಿ 2025ರ ಜನವರಿ 5ಕ್ಕೆ ಮುಗಿಯಿತು. ಮುಂದಿನ ಚುನಾವಣೆ ಅಷ್ಟರಲ್ಲಿ ಆಗಿರಲಿಲ್ಲ, ಮತ್ತೆ ವಿಶೇಷಾಧಿಕಾರಿಗಳು ಬಂದರು. ಆ ಅಧಿಕಾರಿಗಳು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಒಬ್ಬೊಬ್ಬರ ಮೇಲೆ ಎಷ್ಟೋ ಹಳ್ಳಿಗಳ ಹೊರೆ. ಅವರನ್ನು ಟೀ ಅಂಗಡಿಯಲ್ಲಿ ಹಿಡಿಯುವುದು ಹೇಗೆ? ನ್ಯೂಜೆರ್ಸಿಯವರು ಓಟು ಕಸಿಯಲು ಒಂದು ಕಾನೂನಾದರೂ ಮಾಡಬೇಕಾಯಿತು. ನಮ್ಮಲ್ಲಿ ತಾರೀಖು ಮುಂದೆ ಹಾಕಿದರೆ ಸಾಕು, ಒಂದು ನಾಯಿಯೂ ಬೊಗಳುವುದಿಲ್ಲ. ಎಂ.ಎಲ್.ಎ. ಚುನಾವಣೆಯನ್ನು ಹೀಗೆ ಮೂರು ವರ್ಷ ನಿಲ್ಲಿಸಿದ್ದರೆ ನೀವು ಸುಮ್ಮನಿರುತ್ತಿದ್ದಿರಾ?

ಹಾಗಿದ್ದೂ ನಿಮ್ಮ ಕೈಯಲ್ಲಿ ಒಂದು ದಾರಿ ಉಳಿದಿರುತ್ತದೆ. ಗ್ರಾಮಸಭೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಈ ನಾಲ್ಕು ದಿನ ಮೊದಲಿನಿಂದ ಇದ್ದವು. 2022ರಲ್ಲಿ ಮಾರ್ಚ್ 22 ಮತ್ತು ನವೆಂಬರ್ 1 ಸೇರಿ ಆರಾದವು. ನವೆಂಬರ್ 1 ನಮಗೆ ರಾಜ್ಯೋತ್ಸವದ ದಿನ ಕೂಡ, ಮರೆಯಲು ಕಾರಣವಿಲ್ಲ. ಓಟಿನ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬನೂ ಅದರ ಸದಸ್ಯ, ಆರಿಸಿ ಬರಬೇಕಾದ್ದಿಲ್ಲ, ರಸೀತಿ ತೋರಿಸಬೇಕಾದ್ದಿಲ್ಲ. ಪಂಚಾಯಿತಿಯ ಜಮಾ ಖರ್ಚನ್ನು ಅಲ್ಲಿ ಓದಿ ಹೇಳಬೇಕು. ತಮಿಳಿನಲ್ಲಿ ಓದುತ್ತಾರೆ, ಬೇಗ ಬೇಗ ಓದುತ್ತಾರೆ. ಇನ್ನೊಮ್ಮೆ ಓದಿ ಎನ್ನಿ. ಆಸ್ತಿ ತೆರಿಗೆ ಎಷ್ಟು ಬಂತು, ನೀರಿನ ಶುಲ್ಕ ಎಷ್ಟು ಬಂತು, ಬೀದಿದೀಪಕ್ಕೆ ಎಷ್ಟು ಹೋಯಿತು, ವರ್ಷದ ಕೊನೆಗೆ ಖಾತೆಯಲ್ಲಿ ಎಷ್ಟು ಉಳಿಯಿತು, ಈ ನಾಲ್ಕು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ಸಭೆಗೆ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.